ಹಣೆಬರಹವನ್ನು ಎಣಿಸಬಹುದೇ?

ಧಾರವಾಡದ ಅಂಚಿನ ಲಕಮನಹಳ್ಳಿ ಹೆಸರಿನಲ್ಲಿ ಇನ್ನೂ ಹಳ್ಳಿ, ಬದುಕಿನಲ್ಲಿ ಕೈಗಾರಿಕಾ ಪ್ರದೇಶ. ಲೇಥು ತಿರುಗುವ, ಪವರ್ ಪ್ರೆಸ್ಸು ಬಡಿಯುವ ಎಲ್ಲ ಕಡೆಯಂತೆ ಅಲ್ಲಿಯೂ ದುಡಿಯುವ ಕೈಗೆ ಅಪಾಯ ತಪ್ಪಿದ್ದಲ್ಲ. ಯಂತ್ರಕ್ಕೆ ಬೆರಳು ಸಿಕ್ಕಾಗ, ಅಥವಾ ಪಾಳಿ ಮುಗಿಸಿ ಬೈಕು ಹತ್ತಿದವನು ಮನೆ ಮುಟ್ಟದೇ ಹೋದಾಗ ನಮ್ಮ ಭಾಗದ ಜನರ ಬಾಯಿಗೆ ಮೊದಲು ಬರುವ ಮಾತು ‘ಅವನ ಹಣೇಬರಾ’. ಆ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ದುಃಖದ ಮನೆಯಲ್ಲಿ ‘ಯಾಕೆ ಹೀಗಾಯ್ತು’ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇಲ್ಲದಾಗ, ಉಳಿದವರನ್ನು ಪಶ್ಚಾತ್ತಾಪದಿಂದ ಬಿಡಿಸಿ ಎಬ್ಬಿಸುವ ಶಕ್ತಿ ಅದಕ್ಕಿದೆ. ಇತ್ತ ಅದೇ ಸಾವು, ಅದೇ ಬೆರಳು ಇನ್ನೊಂದು ಕಡೆ ಮೊದಲೇ ಲೆಕ್ಕಕ್ಕೆ ಬಂದಿರುತ್ತದೆ. ಈ ವಯಸ್ಸಿನ, ಈ ಕೆಲಸದ ಇಷ್ಟು ಸಾವಿರ ಜನರಲ್ಲಿ ಈ ವರ್ಷ ಇಷ್ಟು ಮಂದಿ ಹೋಗುತ್ತಾರೆ ಎಂದು ಒಬ್ಬರು ಬರೆದಿಟ್ಟಿರುತ್ತಾರೆ. ಅವರಿಗೆ ಸತ್ತವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಆದರೂ ಅವನ ಹೆಂಡತಿಗೆ ಸೇರಬೇಕಾದ ಹಣವನ್ನು ಅವರು ಮೊದಲೇ ಎತ್ತಿಡಿಸಿರುತ್ತಾರೆ. ಈ ಕೆಲಸ ಮಾಡುವವರನ್ನು ಆಕ್ಚುಯರಿ ಎನ್ನುತ್ತಾರೆ. ಹಣೆಬರಹವನ್ನು ನಂಬುವ ಸಮಾಜದಲ್ಲಿ ಅದನ್ನು ಎಣಿಸುವ ಈ ವೃತ್ತಿಗೆ ಧರ್ಮದ ನೆಲೆ ಇದೆಯೇ? ಗಣಿತದಲ್ಲಿ ಚುರುಕಾದ ಒಬ್ಬ ಹುಡುಗಿ ಇದನ್ನೇ ತನ್ನ ಬದುಕಿನ ಕಾಯಕವೆಂದು ಆರಿಸಿಕೊಂಡರೆ, ಅವಳು ಆರಿಸಿಕೊಂಡದ್ದು ಬರೀ ಒಳ್ಳೆಯ ಸಂಬಳವನ್ನೋ, ಅದಕ್ಕಿಂತ ಹೆಚ್ಚಿನದನ್ನೋ? ನನ್ನ ವಾದ ಇಷ್ಟು: ಎಣಿಕೆ ದೈವವನ್ನು ಅಲ್ಲಗಳೆಯುವುದಿಲ್ಲ. ನಾವು ದೈವದ ತಲೆಗೆ ಕಟ್ಟಿದ ಹೊರೆಯಲ್ಲಿ ನಮ್ಮ ಪಾಲು ಎಷ್ಟು ಎಂಬುದನ್ನು ಅದು ತೋರಿಸಿಕೊಡುತ್ತದೆ. ತೋರಿದ ಮೇಲೆ ಆ ಪಾಲನ್ನು ಹೊರುವುದು ಧರ್ಮ.

ಮೊದಲು ಆ ಎಣಿಕೆಯ ಒಳಗನ್ನು ನೋಡಬೇಕು. ಒಂದು ವರ್ಷದಲ್ಲಿ ಸಾವಿರಕ್ಕೆ ಇಬ್ಬರು ಸಾಯುವ ಸಂಭವ ಇರುವ ವಯೋಮಾನದ ಒಂದು ಲಕ್ಷ ಜನ ಸೇರಿ, ಯಾರು ಸತ್ತರೂ ಅವರ ಮನೆಗೆ 10 ಲಕ್ಷ ರೂಪಾಯಿ ಕೊಡೋಣ ಎಂದು ಒಪ್ಪಂದ ಮಾಡಿಕೊಂಡರು ಎನ್ನಿ. ಸುಮಾರು 200 ಸಾವುಗಳನ್ನು ನಿರೀಕ್ಷಿಸಬೇಕು. ಬೇಕಾದ ಹಣ 20 ಕೋಟಿ. ತಲೆಗೆ 2,000 ರೂಪಾಯಿ. ಸಾವುಗಳ ಸಂಖ್ಯೆ ಸರಿಯಾಗಿ 200 ಆಗಲಿಕ್ಕಿಲ್ಲ, ಆದರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಅದು 172ರಿಂದ 228ರ ನಡುವೆಯೇ ಬೀಳುತ್ತದೆ. ಅದೇ ಒಪ್ಪಂದವನ್ನು ಬರೀ ಸಾವಿರ ಜನ ಮಾಡಿಕೊಂಡರೆ ನಿರೀಕ್ಷೆ ಎರಡೇ ಸಾವು. ಆದರೆ ಒಂದೂ ಆಗದಿರಬಹುದು, ಐದು ಆಗಬಹುದು, ಐದಾದರೆ ಕೂಡಿಟ್ಟ ಹಣ ಅರ್ಧಕ್ಕೂ ಸಾಲದು. ಒಬ್ಬನೇ ಒಬ್ಬನ ವಿಷಯದಲ್ಲಂತೂ ಗಣಿತ ಬಾಯಿ ಮುಚ್ಚಿ ನಿಲ್ಲುತ್ತದೆ. ಜನ ಹೆಚ್ಚಿದಷ್ಟೂ ಅನಿಶ್ಚಯ ಕರಗುತ್ತದೆ ಎಂಬ ಈ ಸತ್ಯಕ್ಕೆ ದೊಡ್ಡ ಸಂಖ್ಯೆಗಳ ನಿಯಮ ಎಂದು ಹೆಸರು. ಅದರಲ್ಲಿ ಒಂದು ತಾತ್ತ್ವಿಕ ಸಂಗತಿ ಅಡಗಿದೆ. ಒಬ್ಬಂಟಿಯಾಗಿ ನಿಂತಾಗ ಮನುಷ್ಯನಿಗೆ ನಾಳೆ ಕತ್ತಲು. ಒಟ್ಟಾಗಿ ನಿಂತಾಗ ಅದೇ ನಾಳೆಯಲ್ಲಿ ಒಂದಷ್ಟು ಬೆಳಕು. ಯಾರು ಹೋಗುತ್ತಾರೆಂಬುದು ಆಗಲೂ ತಿಳಿಯದು. ಎಷ್ಟು ಮನೆಗಳಿಗೆ ಆಸರೆ ಬೇಕಾಗುತ್ತದೆ ಎಂಬುದು ಮಾತ್ರ ತಿಳಿಯುತ್ತದೆ.

ಇದಕ್ಕೆ ಆಸ್ತಿಕರು ಎತ್ತುವ ಮೊದಲ ಆಕ್ಷೇಪ ಗಂಭೀರವಾದದ್ದು. ಆಯುಷ್ಯ ದೇವರು ಕೊಟ್ಟದ್ದು, ಪ್ರಾರಬ್ಧ ತೀರಿದ ದಿನ ಜೀವ ಹೋಗುತ್ತದೆ, ಅದನ್ನು ಕೋಷ್ಟಕದಲ್ಲಿ ಹಿಡಿಯಹೊರಡುವುದು ಅಹಂಕಾರವಲ್ಲವೇ ಎಂಬುದು ಅದು. ಚರಿತ್ರೆಯ ಸಾಕ್ಷ್ಯ ಮಾತ್ರ ಬೇರೆ ದಿಕ್ಕಿನಲ್ಲಿದೆ. ಸಾವಿನ ಎಣಿಕೆಯನ್ನು ಶಾಸ್ತ್ರವಾಗಿಸಿದವರಲ್ಲಿ ನಾಸ್ತಿಕರಿಗಿಂತ ಪಾದ್ರಿಗಳೇ ಎದ್ದು ಕಾಣುತ್ತಾರೆ. ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದಲ್ಲಿ ಕಾಸ್ಪರ್ ನಾಯ್ಮನ್ ಎಂಬ ಪಾದ್ರಿ ತನ್ನೂರಿನ ಜನನ ಮರಣಗಳ ದಾಖಲೆಯನ್ನು ಜೋಡಿಸಿದ. ಏಳು, ಒಂಬತ್ತರ ಗುಣಕಗಳಾದ 49, 63ರಂಥ ವಯಸ್ಸುಗಳಲ್ಲಿ ಗಂಡಾಂತರ ಕಾದಿರುತ್ತದೆ ಎಂಬ ನಂಬಿಕೆ ಆಗ ಯುರೋಪಿನಲ್ಲಿ ಬೇರೂರಿತ್ತು. ದಾಖಲೆ ತೆರೆದು ನೋಡಿದರೆ ಆ ವಯಸ್ಸುಗಳಲ್ಲಿ ಸಾವು ಹೆಚ್ಚಿರಲಿಲ್ಲ. ಆ ಅಂಕಿಗಳನ್ನೇ ಹಿಡಿದು ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಹೆಸರಾಂತ ಮರಣ ಕೋಷ್ಟಕವನ್ನು ಪ್ರಕಟಿಸಿದ. 1744ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವ್ಯಾಲೇಸ್ ಮತ್ತು ಅಲೆಗ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಪಾದ್ರಿಗಳು, ಸತ್ತ ಪಾದ್ರಿಗಳ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂದು ಲೆಕ್ಕ ಹಾಕಿ ಒಂದು ನಿಧಿ ಕಟ್ಟಿದರು. ಮೀಸಲು ಹಣವನ್ನು ಗಣಿತದಿಂದ ನಿರ್ಧರಿಸಿದ ಮೊದಮೊದಲ ನಿಧಿಗಳಲ್ಲಿ ಅದೂ ಒಂದು. ಸಂಭವನೀಯತೆಯ ಶಾಸ್ತ್ರಕ್ಕೆ ಇಂದಿಗೂ ಬುನಾದಿಯಾಗಿರುವ ಪ್ರಮೇಯವನ್ನು ಬರೆದಿಟ್ಟ ಥಾಮಸ್ ಬೇಯ್ಸ್, ಅವನ ಮರಣಾನಂತರ 1763ರಲ್ಲಿ ಅದನ್ನು ಬೆಳಕಿಗೆ ತಂದ ರಿಚರ್ಡ್ ಪ್ರೈಸ್ ಇಬ್ಬರೂ ಧರ್ಮಬೋಧಕರೇ. ಈ ಪಾದ್ರಿಗಳಾರೂ ದೇವರ ಸಿಂಹಾಸನವನ್ನು ಅಲುಗಾಡಿಸಲು ಎಣಿಸಲಿಲ್ಲ. ಸಾವಿನ ಮನೆಗೆ ಮೊದಲು ಹೋಗಿ ಕೊನೆಗೆ ಹೊರಬರುವವರು ಅವರು. ಪ್ರಾರ್ಥನೆ ಮುಗಿದ ಮೇಲೆ ಆ ಮನೆಯ ಒಲೆ ಉರಿಯುವುದು ಹೇಗೆ ಎಂಬ ಪ್ರಶ್ನೆ ಅವರ ಕಣ್ಣೆದುರಿಗಿತ್ತು.

ನಮ್ಮ ಪರಂಪರೆಯೊಳಗೂ ಇದಕ್ಕೆ ಎಡೆಯಿದೆ. ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂಬ ಚರ್ಚೆ ಮಹಾಭಾರತದ ಅನುಶಾಸನ ಪರ್ವದಲ್ಲೇ ಬರುತ್ತದೆ. ಅಲ್ಲಿ ದೈವವನ್ನು ಬೀಜಕ್ಕೂ ಪ್ರಯತ್ನವನ್ನು ಹೊಲಕ್ಕೂ ಹೋಲಿಸಲಾಗಿದೆ. ಹೊಲ ಹದಗೊಳಿಸದೆ ಬೀಜವನ್ನು ದೂರುವ ಹಕ್ಕು ಯಾರಿಗೂ ಇಲ್ಲ ಎಂಬ ಅದರ ತಿರುಳು ಎರೆಮಣ್ಣಿನ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ಒಂದು ಮಾತಿದೆ. ಕರ್ಮ ಸಿದ್ಧಾಂತ ಉತ್ತರ ಕೊಡಲು ಯತ್ನಿಸುವುದು ‘ಇವನಿಗೇ ಯಾಕೆ’ ಎಂಬ ಪ್ರಶ್ನೆಗೆ. ಮರಣ ಕೋಷ್ಟಕ ಉತ್ತರ ಕೊಡುವುದು ‘ಎಷ್ಟು ಜನಕ್ಕೆ’ ಎಂಬ ಪ್ರಶ್ನೆಗೆ. ಎರಡು ಬೇರೆ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎದುರಾಗಬೇಕಾದ ಕಾರಣವಿಲ್ಲ. ಒಬ್ಬನ ಪ್ರಾರಬ್ಧವನ್ನು ನಾವು ಓದಲಾರೆವು ಎಂದು ನಿಜವಾಗಿ ನಂಬುವವನು, ಅದು ಯಾರ ಬಾಗಿಲಿಗಾದರೂ ಬರಬಹುದೆಂದು ಒಪ್ಪಿ, ಬಂದ ಬಾಗಿಲಲ್ಲಿ ನಿಲ್ಲಲು ಮೊದಲೇ ಸಿದ್ಧನಾಗಬೇಕು. ವಿಮೆಯ ಬಗ್ಗೆ ಮಾತಾಡುವಾಗ ಭಾರತೀಯ ಜೀವ ವಿಮಾ ನಿಗಮ ತನ್ನ ಧ್ಯೇಯವಾಕ್ಯಕ್ಕೆ ಗೀತೆಯ ಒಂಬತ್ತನೆಯ ಅಧ್ಯಾಯದ ‘ಯೋಗಕ್ಷೇಮವನ್ನು ನಾನು ಹೊರುತ್ತೇನೆ’ ಎಂಬ ಮಾತನ್ನೇ ಆಯ್ದುಕೊಂಡದ್ದನ್ನು ನೆನೆಯಬೇಕು. ಇಲ್ಲದಿರುವುದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡುವುದು ಕ್ಷೇಮ ಎಂದು ಶಂಕರರು ಆ ಪದವನ್ನು ಬಿಡಿಸಿದರು. ಭಗವಂತ ಭಕ್ತನಿಗೆ ಕೊಟ್ಟ ಆ ಭರವಸೆಯನ್ನು ಒಂದು ಸಂಸ್ಥೆ ತನ್ನ ಹಣೆಗೆ ಬರೆದುಕೊಂಡ ಮೇಲೆ ಅದನ್ನು ಉಳಿಸಿಕೊಳ್ಳಲು ಭಕ್ತಿಯ ಜೊತೆಗೆ ಲೆಕ್ಕವೂ ಬೇಕು.

ಎಣಿಕೆ ಹೊಣೆಯನ್ನು ಹೇಗೆ ಹುಟ್ಟಿಸುತ್ತದೆ ಎಂಬುದಕ್ಕೆ ಸಾಕ್ಷ್ಯ ಹುಡುಕಿ ದೂರ ಹೋಗಬೇಕಾಗಿಲ್ಲ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂತು. ಸುಮಾರು 50,000 ಜನರಿದ್ದ ಆ ಊರು ಹಾಫ್ಕಿನ್ ಎಂಬ ವಿಜ್ಞಾನಿಯ ಪ್ಲೇಗು ಲಸಿಕೆಯ ದೊಡ್ಡ ಪರೀಕ್ಷೆಗಳಲ್ಲಿ ಒಂದಕ್ಕೆ ನೆಲೆಯಾಯಿತು. ಮುಂಬಯಿಯಲ್ಲಿ ಹಿಂದಿನ ವರ್ಷವಷ್ಟೇ ತಯಾರಾಗಿದ್ದ ಆ ಲಸಿಕೆಯನ್ನು ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಊರಿನ ಬಹುಪಾಲು ಜನರಿಗೆ ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಎಂದು ವಾರವಾರವೂ ಬರೆದಿಡಲಾಯಿತು. ಹುಬ್ಬಳ್ಳಿಯ ಆ ಅಂಕಿಗಳು ಜಗತ್ತಿನ ವೈದ್ಯಕೀಯ ಚರ್ಚೆಯಲ್ಲಿ ಸಾಕ್ಷ್ಯವಾಗಿ ನಿಂತವು. ಲಸಿಕೆಗೆ ಮುಂದೆ ಬಂದವರೂ ಬಾರದವರೂ ಬೇರೆ ವಿಷಯಗಳಲ್ಲಿ ಸಮಾನರಾಗಿದ್ದರೇ ಎಂಬ ಪ್ರಶ್ನೆ ಇಂಥ ಎಲ್ಲ ಎಣಿಕೆಗೂ ಏಳುತ್ತದೆ, ಏಳಲೇಬೇಕು. ಆದರೂ ಒಂದು ಸಂಗತಿ ಬದಲಾಗಿತ್ತು. ಊರನ್ನು ಕಾಯುವಂತೆ ಗ್ರಾಮದೇವತೆಯನ್ನು ಬೇಡಿಕೊಳ್ಳುವ ಮನೆಯಲ್ಲೇ, ಸೂಜಿ ಚುಚ್ಚಿಸಿಕೊಳ್ಳುವುದೋ ಬೇಡವೋ ಎಂಬ ನಿರ್ಧಾರವೂ ನಡೆಯಬೇಕಾಯಿತು. ಎರಡು ಸಾಲು ಅಂಕಿಗಳು ಎದುರಿಗೆ ಬಂದಮೇಲೆ ಸಾವನ್ನು ಪೂರ್ತಿಯಾಗಿ ವಿಧಿಯ ಲೆಕ್ಕಕ್ಕೆ ಬರೆಯಲು ಸಾಧ್ಯವಾಗಲಿಲ್ಲ. ಒಂದು ಭಾಗ ಮನುಷ್ಯರ ಲೆಕ್ಕಕ್ಕೆ ಬಂತು.

ನಮ್ಮ ಕಾಲದಲ್ಲಿ ಇದೇ ಪಾಠವನ್ನು ಹುಬ್ಬಳ್ಳಿ–ಧಾರವಾಡ ಬೈಪಾಸ್ ಕಲಿಸಿತು. ಹೆದ್ದಾರಿ ಎರಡೂ ತುದಿಯಲ್ಲಿ ಅಗಲವಾಗಿದ್ದು, ನಡುವಿನ ಸುಮಾರು 30 ಕಿಲೋಮೀಟರ್ ಮಾತ್ರ ವರ್ಷಗಟ್ಟಲೆ ಎರಡೇ ಪಥದಲ್ಲಿ ಉಳಿಯಿತು. 2021ರ ಜನವರಿ 15ರಂದು ಇಟಿಗಟ್ಟಿಯ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾಗಿ ಹಲವು ಮನೆಗಳ ದೀಪ ಒಮ್ಮೆಗೇ ಆರಿತು. ಆ ರಸ್ತೆಯಲ್ಲಿ ಆದ ಒಂದೊಂದೇ ಸಾವನ್ನು ಬಿಡಿಯಾಗಿ ನೋಡಿದರೆ ಹಣೆಬರಹವೆಂದು ಕಾಣುತ್ತದೆ: ಅವತ್ತೇ ಹೊರಡಬೇಕಿತ್ತೇ, ಆ ಗಳಿಗೆಯಲ್ಲೇ ಲಾರಿ ಬರಬೇಕಿತ್ತೇ? ಎಲ್ಲ ಸಾವುಗಳನ್ನೂ ಒಂದೇ ಕಾಗದದ ಮೇಲೆ ಇಟ್ಟು ನೋಡಿದಾಗ ಕಾಣುವುದು ಕಿರಿದಾದ ರಸ್ತೆ. ನೂರಾರು ಜನರ ಜಾತಕ ಒಂದೇ 30 ಕಿಲೋಮೀಟರಿನಲ್ಲಿ ಕೂಡಿಬರುವುದಿಲ್ಲ. ಜನ ಬೀದಿಗಿಳಿದು ಕೇಳಿದರು. ಆಮೇಲೆ ರಸ್ತೆ ಅಗಲಗೊಳಿಸುವ ಕೆಲಸ ಶುರುವಾಯಿತು. ಅಪಾಯ ನಿರ್ವಹಣೆ ಎಂದು ದೊಡ್ಡ ಸಂಸ್ಥೆಗಳು ಕರೆಯುವ ವಿದ್ಯೆಯ ನೈತಿಕ ತಿರುಳು ಇಲ್ಲಿದೆ. ಬಿಡಿಯಾಗಿ ನೋಡಿದಾಗ ವಿಧಿಯಂತೆ ಕಂಡದ್ದು ಇಡಿಯಾಗಿ ನೋಡಿದಾಗ ಹೊಣೆಯಾಗಿ ಕಾಣುತ್ತದೆ. ಆ ಇಡಿಯನ್ನು ನೋಡುವ ಕಣ್ಣು ಒಂದು ಸಮಾಜಕ್ಕೆ ಇಲ್ಲದಿದ್ದರೆ ಅದು ತನ್ನ ತಪ್ಪುಗಳನ್ನು ದೇವರ ಮೇಲೆ ಹೊರಿಸುತ್ತಲೇ ಇರುತ್ತದೆ. ದೇವರ ಮೇಲೆ ಗೌರವ ಇರುವವರೇ ಮೊದಲು ಇದನ್ನು ತಡೆಯಬೇಕು.

ಎರಡನೆಯ ಆಕ್ಷೇಪ ಜೂಜಿನದು. ಸತ್ತರೆ ಇಷ್ಟು, ಬದುಕಿದರೆ ಕಟ್ಟಿದ್ದೂ ಇಲ್ಲ ಎನ್ನುವ ಒಪ್ಪಂದ ಪಣವಲ್ಲದೆ ಮತ್ತೇನು ಎಂದು ಕೇಳುವವರಿದ್ದಾರೆ. ಇಸ್ಲಾಂ ಧರ್ಮಶಾಸ್ತ್ರದಲ್ಲಿ ಜೂಜೂ ಮಿತಿಮೀರಿದ ಅನಿಶ್ಚಯದ ವ್ಯಾಪಾರವೂ ನಿಷಿದ್ಧ. ಆದ್ದರಿಂದಲೇ ಅಲ್ಲಿ ಎಲ್ಲರೂ ದಾನದ ಸಂಕಲ್ಪದಿಂದ ಕೂಡಿಟ್ಟು ನೊಂದವರಿಗೆ ಹಂಚುವ ತಕಾಫುಲ್ ಎಂಬ ಪದ್ಧತಿ ಬೆಳೆಯಿತು. ಈ ಆಕ್ಷೇಪಕ್ಕೆ ನನಗೆ ತಿಳಿದ ಒಳ್ಳೆಯ ಉತ್ತರ ನಮ್ಮ ಜನರಿಗೆ ಚೆನ್ನಾಗಿ ಗೊತ್ತಿರುವ ಒಂದು ಕಥೆಯಲ್ಲಿದೆ. ಮಹಾಭಾರತದ ವನಪರ್ವದಲ್ಲಿ ಬರುವ, ನಮ್ಮ ಪಕ್ಕದ ಬಾಡದ ಕನಕದಾಸರು ಕನ್ನಡಕ್ಕೆ ತಂದ ನಳನ ಕಥೆ ಅದು. ಪಗಡೆಯಾಡಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ರಥ ನಡೆಸುತ್ತಾನೆ. ದಾರಿಯಲ್ಲಿ ಒಂದು ತಾರೆ ಮರ. ಅದರ ಕೊಂಬೆಗಳ ಎಲೆ ಕಾಯಿಗಳ ಸಂಖ್ಯೆಯನ್ನು ಋತುಪರ್ಣ ನೋಡಿದಷ್ಟರಲ್ಲೇ ಹೇಳುತ್ತಾನೆ. ನಳ ನಂಬದೆ ಮರವನ್ನೇ ಉರುಳಿಸಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆ ಸಂಖ್ಯಾವಿದ್ಯೆಯನ್ನೂ ಅಕ್ಷವಿದ್ಯೆಯ ಹೃದಯವನ್ನೂ ನಳ ಕಲಿತ ಕ್ಷಣವೇ ಅವನೊಳಗೆ ಹೊಕ್ಕು ಕೆಡಿಸಿದ್ದ ಕಲಿಪುರುಷ ಹೊರಬೀಳುತ್ತಾನೆ. ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಹಳೆಯ ಕಾಲದಲ್ಲಿ ದಾಳವಾಗಿ ಬಳಕೆಯಾದದ್ದು ಇದೇ ತಾರೆ ಮರದ ಕಾಯಿ. ನಳನನ್ನು ಕೆಡಿಸಿದ ಕಾಯಿ, ನಳನನ್ನು ಬಿಡಿಸಿದ ಕಾಯಿ ಒಂದೇ ಮರದವು. ಎಣಿಸದೆ ಆಡಿದಾಗ ಅದು ಜೂಜು. ಎಣಿಸಿ ಅರಿತಾಗ ಅದು ಬಿಡುಗಡೆ. ಎರಡನೆಯದಾಗಿ, ಜೂಜು ಹಿಂದೆ ಇರದಿದ್ದ ಅಪಾಯವನ್ನು ಹೊಸದಾಗಿ ಹುಟ್ಟಿಸುತ್ತದೆ. ನಳ ಆಡದೇ ಇದ್ದಿದ್ದರೆ ರಾಜ್ಯ ಹೋಗುತ್ತಿರಲಿಲ್ಲ. ವಿಮೆ ಮಾಡಲಿ ಬಿಡಲಿ, ಸಾವಿನ ಅಪಾಯ ಇದ್ದೇ ಇರುತ್ತದೆ. ಇದ್ದ ಅಪಾಯವನ್ನು ಹಲವು ಹೆಗಲುಗಳಿಗೆ ಹಂಚುವ ಕೆಲಸವನ್ನು ಜೂಜಿನ ಸಾಲಿಗೆ ಸೇರಿಸಬಾರದು. ಎಣಿಸುವವರು ಪ್ರಾಮಾಣಿಕರಾಗಿರುವವರೆಗೆ ಮಾತ್ರ ಈ ಮಾತು ನಿಜ ಎಂಬುದನ್ನೂ ಒಪ್ಪಬೇಕು. ಲೆಕ್ಕವಿಲ್ಲದೆ ದೊಡ್ಡ ಮಾತು ಕೊಟ್ಟು ಹಣ ಕೂಡಿಸುವ ಚೀಟಿ ವ್ಯವಹಾರಗಳಲ್ಲಿ ಮುಳುಗಿದ ಮನೆಗಳು ಎಲ್ಲ ಊರಲ್ಲೂ ಇವೆ. ಅಲ್ಲಿ ಕಲಿ ಇನ್ನೂ ಒಳಗೇ ಇದ್ದಾನೆ.

ಮೂರನೆಯ ಆಕ್ಷೇಪ ಮನಸ್ಸನ್ನು ಹೆಚ್ಚು ಕಲಕುವಂಥದ್ದು: ಮನುಷ್ಯನನ್ನು ಸಂಖ್ಯೆ ಮಾಡುವುದು ಅವನನ್ನು ಕುಗ್ಗಿಸಿದಂತೆ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಯನ್ನು ಓದಿದವರಿಗೆ ಈ ಅಳುಕು ಅರ್ಥವಾಗುತ್ತದೆ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14, ನಡುಬೆರಳಿಗೆ ಶೇ. 12, ಕಿರುಬೆರಳಿಗೆ ಶೇ. 7 ಎಂದು ಅಲ್ಲಿ ಬರೆದಿತ್ತು. ತಾಯಿ ಹಿಡಿದು ನಡೆಸಿದ ಬೆರಳಿಗೆ ಶೇಕಡಾ ಬರೆಯುವ ಕೈ ಕಲ್ಲಾಗಿರಬೇಕು ಎನ್ನಿಸುವುದು ಸಹಜ. ಆದರೆ ಆ ಪಟ್ಟಿ ಇಲ್ಲದ ಕಾಲವನ್ನು ನೆನೆಯೋಣ. ಏಕಲವ್ಯನ ಹೆಬ್ಬೆರಳು ಹೋದಾಗ ಅವನಿಗೆ ಹೊಗಳಿಕೆ ಸಿಕ್ಕಿತು, ಪರಿಹಾರ ಸಿಗಲಿಲ್ಲ. ಕಳೆದುಕೊಂಡದ್ದಕ್ಕೆ ಯಾರೂ ಬಾಧ್ಯರಾಗಲಿಲ್ಲ, ಕೇಳುವ ಹಕ್ಕು ಅವನಿಗೆ ಹುಟ್ಟಲೂ ಇಲ್ಲ. ಶೇ. 30 ಎಂಬುದು ಹೆಬ್ಬೆರಳಿನ ಬೆಲೆಯಲ್ಲ. ಕಳೆದುಕೊಂಡವನು ದಯೆಗಾಗಿ ಕೈಯೊಡ್ಡದೆ ಹಕ್ಕಿನಿಂದ ಕೇಳಬಹುದಾದ ಕನಿಷ್ಠ ಮೊತ್ತದ ಅಳತೆ. ಸಂಖ್ಯೆ ಮನುಷ್ಯನನ್ನು ಕುಗ್ಗಿಸುವುದು ಅದನ್ನೇ ಪೂರ್ಣ ಸತ್ಯವೆಂದು ಹಿಡಿದಾಗ. ಜೈನರ ಸ್ಯಾದ್ವಾದ ಇಲ್ಲಿ ನೆರವಿಗೆ ಬರುತ್ತದೆ. ಒಂದು ದೃಷ್ಟಿಯಿಂದ ಇದು ಹೀಗೆ ಎಂದು ಹೇಳುವಾಗಲೇ ಇತರ ದೃಷ್ಟಿಗಳಿಗೆ ಜಾಗ ಬಿಡುವ ಆ ತರ್ಕದಲ್ಲಿ ಸಂಭವನೀಯತೆಯ ಶಾಸ್ತ್ರದ ನಂಟನ್ನು ಪಿ.ಸಿ. ಮಹಾಲನೋಬಿಸ್ ಮತ್ತು ಜೆ.ಬಿ.ಎಸ್. ಹಾಲ್ಡೇನ್ 1950ರ ದಶಕದಲ್ಲೇ ಗುರುತಿಸಿದ್ದರು. ಒಬ್ಬ ಆಕ್ಚುಯರಿ ‘ಸಾವಿರಕ್ಕೆ ಇಬ್ಬರು’ ಎನ್ನುವಾಗ ಆ ಮಾತು ಒಂದು ನಯ, ಅಂದರೆ ಒಂದು ದೃಷ್ಟಿ ಮಾತ್ರ. ಆ ಇಬ್ಬರ ಮನೆಯೊಳಗಿನಿಂದ ನೋಡಿದರೆ ಅದು ಸಾವಿರಕ್ಕೆ ಸಾವಿರ. ಎರಡೂ ನಿಜ ಎಂದು ನೆನಪಿಟ್ಟವರು ಮಾತ್ರ ಈ ಕಾಯಕಕ್ಕೆ ಅರ್ಹರು.

ಎಲ್ಲಕ್ಕಿಂತ ಕಷ್ಟದ ಆಕ್ಷೇಪ ಈ ವಿದ್ಯೆಯ ಒಳಗಿನಿಂದಲೇ ಬರುತ್ತದೆ. ಎಣಿಕೆ ಜನರನ್ನು ಕೂಡಿಸುತ್ತದೆ ಎಂದೆ. ಎಣಿಕೆ ಹರಿತವಾದಷ್ಟೂ ಅದು ಬೇರ್ಪಡಿಸಲೂ ಬಲ್ಲದು. ಸಕ್ಕರೆ ಕಾಯಿಲೆಯವನಿಗೆ ಒಂದು ದರ, ಬೀಡಿ ಸೇದುವವನಿಗೆ ಒಂದು, ಈ ಪಿನ್‌ಕೋಡಿನವನಿಗೆ ಮತ್ತೊಂದು ಎಂದು ಸೀಳುತ್ತ ಹೋದರೆ ಕೊನೆಗೆ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರುವಲ್ಲಿಗೆ ಬಂದು ನಿಲ್ಲುತ್ತೇವೆ. ಹಣೆಬರಹವನ್ನು ಹಂಚಿಕೊಳ್ಳಲು ಹುಟ್ಟಿದ ವಿದ್ಯೆ ಹಣೆಬರಹವನ್ನು ಹಣೆಗೇ ಅಂಟಿಸಿದಂತಾಗುತ್ತದೆ. ಇದಕ್ಕೆ ವಿಮಾಶಾಸ್ತ್ರ ಕೊಡುವ ಸಮರ್ಥನೆಯಲ್ಲಿ ಹುರುಳಿದೆ. ಎಲ್ಲರಿಗೂ ಒಂದೇ ದರ ಇಟ್ಟರೆ ಅಪಾಯ ಕಡಿಮೆ ಇರುವವರು ‘ನಮಗ್ಯಾಕೆ’ ಎಂದು ಹೊರನಡೆಯುತ್ತಾರೆ; ಉಳಿದವರ ಮೇಲೆ ದರ ಏರುತ್ತದೆ; ಮತ್ತಷ್ಟು ಜನ ಹೊರಡುತ್ತಾರೆ; ಒಂದು ದಿನ ನಿಧಿಯೇ ಮುಳುಗುತ್ತದೆ. ಈ ಮಾತು ನಿಜ. ಆದರೆ ಇದಕ್ಕೆ ಪರಿಹಾರ ಸೀಳುವುದೊಂದೇ ಎಂಬುದು ನಿಜವಲ್ಲ. ಎಲ್ಲರನ್ನೂ ಒಳಗೆ ಉಳಿಸಿಕೊಳ್ಳುವುದೂ ಒಂದು ಪರಿಹಾರ. ಅದಕ್ಕೆ ಕರ್ನಾಟಕದಲ್ಲೇ ಹಳೆಯ ನಿದರ್ಶನಗಳಿವೆ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗಾಗಿ ಜೀವ ವಿಮೆ ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ನಮ್ಮ ನೌಕರರ ಬಾಯಲ್ಲಿ ಕೆಜಿಐಡಿ, ಅದರ ಮುಂದುವರಿಕೆ. ರಾಜ್ಯ ನೌಕರರಿಗೆ ಅದು ಕಡ್ಡಾಯ, ಆದ್ದರಿಂದ ಆರೋಗ್ಯವಂತರು ಹೊರಗುಳಿದು ರೋಗಿಗಳನ್ನು ಒಂಟಿ ಮಾಡುವ ಮಾತಿಲ್ಲ. 2003ರಲ್ಲಿ ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ ಶುರುವಾದ ಯಶಸ್ವಿನಿ ಯೋಜನೆಯಲ್ಲಿ ಮೊದಲಿಗೆ ತಿಂಗಳಿಗೆ ಐದು ರೂಪಾಯಿ ಕಟ್ಟಿದವರಿಗೆ ಶಸ್ತ್ರಚಿಕಿತ್ಸೆಯ ರಕ್ಷಣೆ ಸಿಕ್ಕಿತು. ಅದು ಸಾಧ್ಯವಾದದ್ದು ಲಕ್ಷಗಟ್ಟಲೆ ಜನ ಒಟ್ಟಿಗೆ ಬಂದದ್ದರಿಂದ. 2015ರ ಪ್ರಧಾನಮಂತ್ರಿ ಜೀವನಜ್ಯೋತಿ ಯೋಜನೆಯಲ್ಲಿ 2 ಲಕ್ಷದ ರಕ್ಷಣೆಗೆ 2022ರಿಂದ ವರ್ಷಕ್ಕೆ 436 ರೂಪಾಯಿ. ಹದಿನೆಂಟರ ಹುಡುಗನಿಗೂ ಐವತ್ತರ ಹಿರಿಯನಿಗೂ ಅದೇ ದರ. ಕೋಷ್ಟಕದ ಪ್ರಕಾರ ಇವರಿಬ್ಬರ ಅಪಾಯ ಒಂದೇ ಅಲ್ಲವೆಂದು ದರ ನಿಗದಿ ಮಾಡಿದವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಒಂದೇ ದರ ಇಟ್ಟದ್ದು ಗಣಿತದ ತಪ್ಪಲ್ಲ, ಕಿರಿಯರು ಹಿರಿಯರ ಪಾಲನ್ನು ಸ್ವಲ್ಪ ಹೊರಲಿ ಎಂಬ ನಿರ್ಧಾರ. ಈ ನಾಡು ಅದನ್ನು ದಾಸೋಹ ಎಂದು ಕರೆದು ಎಂಟು ನೂರು ವರ್ಷಗಳ ಮೇಲಾಯಿತು. 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಬೆನ್ನಿಗಿದ್ದದ್ದೂ ಇದೇ ಬುದ್ಧಿ. ಎಲ್ಲಿ ಸೀಳಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಗಣಿತ ಹೇಳುವುದಿಲ್ಲ. ಕೂಡಿಸಿದರೆ ಯಾರ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆ ಮಾತು ಕೇಳಿ ನಿರ್ಧರಿಸುವ ಹೊಣೆ ನಮ್ಮದು.

ಈ ಹಿನ್ನೆಲೆಯಲ್ಲಿ ಜೆ.ಎಸ್. ಚಕ್ರವರ್ತಿ ಎಂಬ ಮೈಸೂರು ಸಂಸ್ಥಾನದ ಅಧಿಕಾರಿಯನ್ನು ನೆನೆಯದೆ ಮುಂದೆ ಹೋಗಲಾಗದು. ಬರಗಾಲವನ್ನು ದೈವಕೋಪವೆಂದು ಸಹಿಸಿಕೊಳ್ಳುತ್ತಿದ್ದ ರೈತರಿಗಾಗಿ ಅವರು ಮಳೆಯ ಆಧಾರದ ವಿಮೆಯನ್ನು ರೂಪಿಸಿ 1920ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹೊಲಹೊಲಕ್ಕೆ ಹೋಗಿ ನಷ್ಟ ಅಳೆಯುವುದು ಬೇಡ, ಆ ಪ್ರದೇಶದ ಮಳೆಮಾಪಕ ನಿಗದಿತ ಮಟ್ಟಕ್ಕಿಂತ ಕಡಿಮೆ ತೋರಿದರೆ ಅಲ್ಲಿಯ ವಿಮೆದಾರರಿಗೆಲ್ಲ ಪರಿಹಾರ ಹೋಗಲಿ ಎಂಬುದು ಅವರ ವಿಚಾರ. ಜಗತ್ತು ಹವಾಮಾನ ಆಧಾರಿತ ಬೆಳೆ ವಿಮೆಯ ಕಡೆಗೆ ತಿರುಗಿದ್ದು ಅದಾದ ಎಷ್ಟೋ ದಶಕಗಳ ಮೇಲೆ. ಅದರ ಮಿತಿಯೂ ನಮ್ಮ ರೈತರಿಗೆ ಗೊತ್ತು. ಹೋಬಳಿಯ ಮಳೆಮಾಪಕದ ಮೇಲೆ ಬಿದ್ದ ಮಳೆ ಎರಡು ಹರದಾರಿ ಆಚೆಯ ಮೆಣಸಿನಕಾಯಿ ಹೊಲದ ಮೇಲೆ ಬಿದ್ದಿರಬೇಕೆಂದಿಲ್ಲ. ಹೊಲ ಒಣಗಿದ್ದರೂ ಕಾಗದ ಒದ್ದೆಯಾಗಿರುತ್ತದೆ. ಅಲ್ಲಿ ತಪ್ಪು ದೈವದ್ದೂ ಅಲ್ಲ, ರೈತನದ್ದೂ ಅಲ್ಲ. ಮಳೆಮಾಪಕಗಳನ್ನು ಹತ್ತಿರ ಹತ್ತಿರ ಇಡದ ನಮ್ಮದು. ಎಣಿಕೆಯ ಕೊರತೆಗೆ ಮದ್ದು ಇನ್ನೂ ಹತ್ತಿರದ, ಇನ್ನೂ ಶ್ರದ್ಧೆಯ ಎಣಿಕೆ.

ಈಗ ಯಶಸ್ಸಿನ ಮಾತಿಗೆ ಬರೋಣ. ಈ ವೃತ್ತಿಯ ದಾರಿ ಹತ್ತಲು ಸುಲಭದ್ದಲ್ಲ. 1944ರಲ್ಲಿ ಸಂಘವಾಗಿ ಹುಟ್ಟಿ 2006ರ ಕಾಯಿದೆಯಿಂದ ಶಾಸನಬದ್ಧವಾದ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ನಡೆಸುವ ಪ್ರವೇಶ ಪರೀಕ್ಷೆಯಿಂದ ಫೆಲೋ ಆಗುವ ತನಕ ಸಂಖ್ಯಾಶಾಸ್ತ್ರ, ಹಣಕಾಸು ಗಣಿತ, ಅರ್ಥಶಾಸ್ತ್ರ, ಅಪಾಯ ನಿರ್ವಹಣೆ ಎಂದು ಒಂದರ ಮೇಲೊಂದು ಪತ್ರಿಕೆಗಳು. ಕೆಲಸ ಮಾಡುತ್ತಲೇ ವರ್ಷಗಟ್ಟಲೆ ಓದಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗವಿರುವ ಧಾರವಾಡಕ್ಕೆ, ಸಿ.ಆರ್. ರಾವ್ ಅವರಂಥ ಸಂಖ್ಯಾಶಾಸ್ತ್ರಜ್ಞ 1920ರಲ್ಲಿ ಹುಟ್ಟಿದ ಹೂವಿನಹಡಗಲಿಯ ಈ ಸೀಮೆಗೆ, ಆ ಬುದ್ಧಿಬಲವೇನೂ ಹೊರಗಿನದಲ್ಲ. ಪರೀಕ್ಷೆ ದಾಟಿದ ಮೇಲಿನ ಪರೀಕ್ಷೆ ಮಾತ್ರ ಬೇರೆ ಥರದ್ದು. ಇಂದಿನಿಂದ 30 ವರ್ಷಕ್ಕೆ ಒಂದು ಕೋಟಿ ಕೊಡುವುದಾಗಿ ಮಾತು ಕೊಟ್ಟರೆ, ಹಣ ವರ್ಷಕ್ಕೆ ಶೇ. 7ರಂತೆ ಬೆಳೆಯುವುದೆಂದು ನಂಬಿದವನು ಇಂದು ಸುಮಾರು 13.1 ಲಕ್ಷ ಎತ್ತಿಟ್ಟರೆ ಸಾಕು, ಶೇ. 6 ಎಂದು ನಂಬಿದರೆ 17.4 ಲಕ್ಷ ಬೇಕು. ಒಂದೇ ಒಂದು ಅಂಶದ ವ್ಯತ್ಯಾಸಕ್ಕೆ ಮೂರನೇ ಒಂದು ಭಾಗದಷ್ಟು ಹೆಚ್ಚು ಹಣ. ಏಳನ್ನು ಹಿಡಿದರೆ ಇಂದಿನ ಲಾಭ ಚೆನ್ನಾಗಿ ಕಾಣುತ್ತದೆ, ಮೇಲಿನವರು ಮೆಚ್ಚುತ್ತಾರೆ, ಬಡ್ತಿ ಬರುತ್ತದೆ. ಅದು ತಪ್ಪೆಂದು ಗೊತ್ತಾಗುವ ಹೊತ್ತಿಗೆ ಹಿಡಿದವನು ನಿವೃತ್ತನಾಗಿರುತ್ತಾನೆ, ಕೋಟಿಗಾಗಿ ಕಾದವಳು ಮುದುಕಿಯಾಗಿರುತ್ತಾಳೆ. ಯಾರೂ ನೋಡದ ಕಡೆ, ಇನ್ನೂ ಹುಟ್ಟದ ಹಕ್ಕುದಾರರ ಎದುರು ಸತ್ಯ ಹೇಳಬೇಕಾದ ಕೆಲಸ ಇದು. ಕಾಯಕವೆಂಬ ಮಾತಿಗೆ ಬಸವಣ್ಣನವರ ಕಾಲದವರು ಕೊಟ್ಟ ಅರ್ಥಕ್ಕೆ ಇದಕ್ಕಿಂತ ಹೊಂದುವ ಇಂದಿನ ಉದಾಹರಣೆ ನನಗೆ ಸುಲಭಕ್ಕೆ ಸಿಗುವುದಿಲ್ಲ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳು. ಭಯ ತೋರಿಸಿ ಬೇಕಾದ್ದಕ್ಕಿಂತ ಹೆಚ್ಚು ಕಂತು ವಸೂಲಿ ಮಾಡುವ ಸಂಸ್ಥೆಯೊಳಗೆ ಆ ಲಕ್ಕಮ್ಮನ ಮಾತನ್ನು ಆಡಬೇಕಾದ ಸ್ಥಾನ ಆಕ್ಚುಯರಿಯದು. ಅದೇ ಸಂಸ್ಥೆ ಗಿರಾಕಿಗಳನ್ನು ಸೆಳೆಯಲು ಬೇಕಾದ್ದಕ್ಕಿಂತ ಕಡಿಮೆ ಕೂಡಿಡಲು ಹೊರಟಾಗ ತಡೆಯುವುದೂ ಅವಳದೇ ಕೆಲಸ.

ತಪ್ಪು ಎಲ್ಲಿಂದ ನುಸುಳುತ್ತದೆ ಎಂಬುದಕ್ಕೆ ಹಳೆಯ ಒಂದು ಪಾಠ ಇಂದಿಗೂ ಬೇಕಾದದ್ದು. ರಿಚರ್ಡ್ ಪ್ರೈಸ್ ಇಂಗ್ಲೆಂಡಿನ ನಾರ್ಥಾಂಪ್ಟನ್ ಊರಿನ ಚರ್ಚ್ ದಾಖಲೆಗಳಿಂದ ಮರಣ ಕೋಷ್ಟಕ ಕಟ್ಟಿದ. ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸದ ಬ್ಯಾಪ್ಟಿಸ್ಟ್ ಪಂಥದವರು ಅಲ್ಲಿ ಬಹಳ ಇದ್ದರು. ಅವರ ಮಕ್ಕಳ ಹುಟ್ಟು ದಾಖಲೆಗೆ ಬರಲಿಲ್ಲ, ಸಾವು ಬಂತು. ಹೀಗಾಗಿ ಊರಿನ ಆಯುಷ್ಯ ಇದ್ದದ್ದಕ್ಕಿಂತ ಕಡಿಮೆಯಾಗಿ ಕಂಡಿತು. ಅದೇ ಕೋಷ್ಟಕ ನಂಬಿ 1808ರಿಂದ ವರ್ಷಾಶನಗಳನ್ನು ಮಾರಿದ ಬ್ರಿಟಿಷ್ ಖಜಾನೆ, ಬೇಗ ಸಾಯುತ್ತಾರೆಂದು ಎಣಿಸಿದ ಜನ ಬಹುಕಾಲ ಬದುಕಿದ್ದರಿಂದ ವರ್ಷಗಟ್ಟಲೆ ನಷ್ಟ ಹೊತ್ತಿತು. ಗುಣಾಕಾರ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಯಾರನ್ನು ಎಣಿಸಲಿಲ್ಲ ಎಂಬುದರಲ್ಲಿತ್ತು. ನಮ್ಮ ವಿಮಾ ಸಂಸ್ಥೆಗಳು ಬಳಸುವ ಭಾರತೀಯ ಮರಣ ಕೋಷ್ಟಕ ವಿಮೆ ಮಾಡಿಸಿದವರ ಬದುಕಿನಿಂದ ಕಟ್ಟಿದ್ದು. ವಿಮೆಯ ಬಾಗಿಲು ತುಳಿಯದ ಗೌಂಡಿಯ, ಹಮಾಲರ, ಹೊಲದ ಕೂಲಿಯ ಹೆಣ್ಣುಮಗಳ ಆಯುಷ್ಯ ಅದರೊಳಗೆ ಹೆಚ್ಚಾಗಿ ಇಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಾಗ ಈ ನಗರ ಕಲಿಯಬೇಕಾಗಿದ್ದ ಪಾಠವೂ ಇದೇ: ಅಪಾಯ ದಟ್ಟವಾಗಿರುವ ಕಡೆಯೇ ಎಣಿಕೆ ತೆಳುವಾಗಿರುತ್ತದೆ. ಎಣಿಕೆಗೆ ಬಾರದವನ ಸಾವು ಮಾತ್ರ ಪೂರ್ತಿಯಾಗಿ ಹಣೆಬರಹದ ಪಾಲಿಗೆ ಹೋಗುತ್ತದೆ, ಏಕೆಂದರೆ ಅದರಲ್ಲಿ ನಮ್ಮ ಪಾಲು ಎಷ್ಟೆಂದು ಯಾರೂ ಬರೆದಿಡಲಿಲ್ಲ.

ಆದ್ದರಿಂದ ಈ ವೃತ್ತಿಗೆ ಹೊರಡುವ ಲಕಮನಹಳ್ಳಿಯ ಹುಡುಗಿಗೆ ಅಥವಾ ಹುಡುಗನಿಗೆ ಧರ್ಮದ ಕಡೆಯಿಂದ ಅಡ್ಡಿ ಇಲ್ಲ ಎಂದಷ್ಟೇ ಹೇಳಿ ಮುಗಿಸಲಾರೆ. ಧರ್ಮದ ಕಡೆಯಿಂದ ಒಂದು ಕೋರಿಕೆಯೇ ಇದೆ. ಮುಂಬಯಿ ಬೆಂಗಳೂರುಗಳ ಎತ್ತರದ ಕಟ್ಟಡಗಳಲ್ಲಿ ಕೂತಾಗಲೂ ನಿಮ್ಮ ಕೋಷ್ಟಕದಲ್ಲಿ ಯಾರಿಲ್ಲ ಎಂದು ಮೊದಲು ಕೇಳಿ. ಏಳರ ಬದಲು ಆರನ್ನು ಹಿಡಿಯಬೇಕಾದ ದಿನ ಬಂದರೆ ಆರನ್ನೇ ಹಿಡಿಯಿರಿ, ಅದರಿಂದ ಬಡ್ತಿ ತಡವಾದರೂ. ಹಣೆಯ ಮೇಲಿನ ಬರಹವನ್ನು ಓದುವ ಶಕ್ತಿ ಯಾರಿಗೂ ಇಲ್ಲ, ನಿಮಗೂ ಇಲ್ಲ. ಓದಲಾಗದ ಆ ಬರಹ ಯಾವ ಮನೆಯ ಮೇಲೆ ಬಿದ್ದರೂ ಅಲ್ಲಿ ಮರುದಿನ ಒಲೆ ಹೊತ್ತಬೇಕು. ಅದಕ್ಕೆ ಬೇಕಾದ ಸೌದೆಯನ್ನು ಮೊದಲೇ ಲೆಕ್ಕ ಹಾಕಿ ಒಟ್ಟಿಡುವುದು ನಿಮ್ಮ ಕೆಲಸ. ಶವದ ಮುಂದೆ ನಿಂತವರು ‘ಹಣೇಬರಾ’ ಎಂದು ಕಣ್ಣೊರೆಸಿಕೊಳ್ಳಲಿ, ಅದು ಅವರ ಹಕ್ಕು. ಆದರೆ ಕಿರಿದಾದ ರಸ್ತೆಯನ್ನು ಹಾಗೆಯೇ ಬಿಟ್ಟವರು, ಕಾವಲಿಲ್ಲದ ಯಂತ್ರವನ್ನು ನಡೆಸಿದವರು, ಕೊಟ್ಟ ಮಾತಿಗೆ ಹಣ ಎತ್ತಿಡದವರು ಅದೇ ಮಾತಿನ ಮರೆಯಲ್ಲಿ ನಿಲ್ಲಲು ಆಗಬಾರದು. ಅವರ ಎದುರಿಗೆ ಇಡಲು ಒಂದು ಪ್ರಾಮಾಣಿಕ ಲೆಕ್ಕ ಇರಬೇಕು.